ನ್ಯೂಯಾರ್ಕಿನ ಲೀವರ್ ಹೌಸ್

ಸನ್‌ಲೈಟ್ ಸಾಬೂನಿನ ಪೆಟ್ಟಿಗೆಗಳು ಕಲ್ಕತ್ತೆಯ ಬಂದರಿನಲ್ಲಿ 1888ರಲ್ಲಿಯೇ ಕಾಣಿಸಿಕೊಂಡಿದ್ದುವು. ಆ ಸಾಬೂನಿನ ಲೀವರ್ ಸಂಸ್ಥೆಯ ಅಮೇರಿಕದ ಶಾಖೆಯು ನ್ಯೂಯಾರ್ಕಿನ ಪಾರ್ಕ್ ಅವೆನ್ಯೂ ಎಂಬ ಹೆಬ್ಬೀದಿಯಲ್ಲಿ 1952ರಲ್ಲಿ ಕಟ್ಟಿ ಮುಗಿಸಿದ ಕಚೇರಿಯೇ ಲೀವರ್ ಹೌಸ್.

ಅದರ ಹಿರಿಮೆಯನ್ನರಿಯಲು ಆ ನಗರದ ಒಂದು ಕಾಯಿದೆಯನ್ನು ತಿಳಿದಿರಬೇಕು. 1915ರಲ್ಲಿ ಅಲ್ಲಿ ಎದ್ದ ಈಕ್ವಿಟಬಲ್ ಎಂಬ 38 ಅಂತಸ್ತಿನ ಸೌಧವು ನಿವೇಶನದ ಅಂಚಿನಿಂದಲೇ ನೆಟ್ಟಗೆ ಮೇಲೇರಿ ನೆರೆಯ ಬೀದಿಗಳ ಬಿಸಿಲನ್ನು ನುಂಗಿಬಿಟ್ಟಿತು. ಮರುವರ್ಷವೇ ಕಾಯಿದೆ ಬಂದಿತು: ಕಟ್ಟಡವು ಏರಿದಂತೆಲ್ಲ ಹಿಂದಕ್ಕೆ ಸರಿಯಬೇಕು; ನಿವೇಶನದ ಕಾಲುಭಾಗದ ಮೇಲೆ ಮಾತ್ರ ಎಷ್ಟು ಎತ್ತರಕ್ಕಾದರೂ ಕಟ್ಟಬಹುದು. ಬಾಡಿಗೆಯಾಸೆಯುಳ್ಳವರು ಅಂಗುಲ ಜಾಗವನ್ನೂ ಬಿಡದೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟತೊಡಗಿದರು.

ಸ್ಕಿಡ್‌ಮೋರ್, ಓವಿಂಗ್ಸ್ ಮತ್ತು ಮೆರಿಲ್ ಸಂಸ್ಥೆಯ ವಾಸ್ತುಶಿಲ್ಪಿ ಗಾರ್ಡನ್ ಬನ್‌ಷಾಫ್ಟನಾದರೋ ಆ ಕಾಲುಭಾಗವನ್ನೇ ಹಿಡಿದನು. 24 ಅಂತಸ್ತಿನ ತೆಳುವಾದ ಗೋಪುರವು ಒಂದು ಬದಿಗೆ ನಿಂತಿತು. ಉಳಿದ ನೆಲದ ಮೇಲೆ ಕಂಬಗಳು ಹೊತ್ತ ಒಂದೇ ತಗ್ಗಾದ ಅಂತಸ್ತು. ಅದರ ನಡುವೆ ನಮ್ಮ ತೊಟ್ಟಿಮನೆಯಲ್ಲಿರುವಂತೆ ಆಕಾಶಕ್ಕೆ ತೆರೆದ ಅಂಗಳ. ದಾರಿಹೋಕನು ಬೀದಿಯಿಂದ ನೇರವಾಗಿ ಆ ಕಂಬಗಳ ನಡುವೆ ನಡೆದು ಬರಬಹುದು. ಬಾಡಿಗೆ ತರಬಹುದಾಗಿದ್ದ ಜಾಗವನ್ನು ಬೆಳಕಿಗೆ ಬಿಟ್ಟುಕೊಟ್ಟದ್ದು ವ್ಯಾಪಾರಿಗಳಲ್ಲಿ ಅಪರೂಪವಾದ ನಡತೆ.

ಕಲ್ಲು ಇಟ್ಟಿಗೆಗಳ ಮನೆಗಳಿಂದ ತುಂಬಿದ್ದ ಆ ಬೀದಿಯಲ್ಲಿ ಇದರ ಮೈಯೆಲ್ಲ ನೀಲಿ ಬೆರೆತ ಹಸುರು ಗಾಜು. ಈ ಗಾಜಿನ ಗೋಡೆಯು ಭಾರವನ್ನು ಹೊರುವುದಿಲ್ಲ. ಉಕ್ಕಿನ ಹಂದರಕ್ಕೆ ತೂಗಬಿಟ್ಟ ತೆರೆ ಅದು. ಕಿಟಕಿಗಳನ್ನು ತೆರೆಯುವಂತಿಲ್ಲ; ಒಳಗಿನ ಗಾಳಿಯನ್ನು ಯಂತ್ರಗಳೇ ತಂಪುಮಾಡುವುವು. ಆದುದರಿಂದ ಗಾಜನ್ನು ಹೊರಗಿನಿಂದ ತೊಳೆಯಲು ಮಾಳಿಗೆಯ ಮೇಲಿನ ಹಳಿಗಳಿಂದ ಇಳಿಬಿಡುವ ತೊಟ್ಟಿಲೊಂದನ್ನು ಮಾಡಿದರು. ಸಾಬೂನಿನವರ ಮನೆಯೇ ಕೊಳೆಯಾಗಿದ್ದರೆ ಹೇಗೆ! ಪೂರ್ತಿ ಗಾಜೆಂಬುದು ಮಾತ್ರ ತುಸು ಸೋಗು: ನಗರದ ಅಗ್ನಿನಿಯಮಕ್ಕನುಸಾರವಾಗಿ ಗಾಜಿನ ಹಿಂದೆ ಪ್ರತಿ ಅಂತಸ್ತಿಗೂ ಮೋಟುಗೋಡೆಯನ್ನು ಕಟ್ಟಬೇಕಾಯಿತು.

ಬಿಟ್ಟ ಜಾಗವೇ ಮುಂದೆ ಈ ಮನೆಗೆ ಕುತ್ತಾಯಿತು. ನೆಲದ ಬೆಲೆ ಏರಲು, ಇದನ್ನು ಕೆಡವಿ ಹೆಚ್ಚು ದೊಡ್ಡದೊಂದನ್ನು ಕಟ್ಟುವ ಯೋಜನೆ ಹುಟ್ಟಿತು. ಆ ನಗರದಲ್ಲಿ 30 ವರ್ಷ ತುಂಬದ ಕಟ್ಟಡಕ್ಕೆ ಸ್ಮಾರಕದ ರಕ್ಷಣೆ ದೊರೆಯದು. ಲೀವರ್ ಹೌಸಿಗೆ 1982ರಲ್ಲಿ ಸರಿಯಾಗಿ 30 ತುಂಬಿತು. ಆ ವರ್ಷವೇ ಅದನ್ನು ಸ್ಮಾರಕವೆಂದು ಸಾರಿದರು, 1983ರಲ್ಲಿ ನಗರದ ಮಂಡಲಿಯೂ ಒಪ್ಪಿತು.

ಆದರೆ ಗಾಜಿನ ಸಂದುಗಳಲ್ಲಿ ಇಳಿದ ನೀರು ಕಾಯಿದೆಯನ್ನು ಕೇಳಲಿಲ್ಲ. ಒಳಗಿನ ಉಕ್ಕು ತುಕ್ಕು ಹಿಡಿದು ಉಬ್ಬಿತು, ಹಲಗೆಗಳು ಬಿರಿದುವು. ಕಡೆಗೆ ಹಳೆಯ ಹೊದಿಕೆಯನ್ನೆಲ್ಲ ಕಳಚಿ, ಮೊದಲಿನ ಬಣ್ಣಕ್ಕೆ ಹೊಂದುವ ಹೊಸ ಗಾಜನ್ನು ತೊಡಿಸಿದರು. 2001ರ ವೇಳೆಗೆ ಆ ಕೆಲಸ ಮುಗಿಯಿತು.