ಪಟ್ಟವಿಲ್ಲದ ಆಡಳಿತ

ಅಮೆರಿಕದ ಪೆನ್ಸಿಲ್ವೇನಿಯಾ ವಸಾಹತನ್ನು ಸ್ಥಾಪಿಸಿದವನು ವಿಲಿಯಂ ಪೆನ್. ಅದನ್ನು ಅವನ ಮನೆತನದ ಕೈತಪ್ಪದಂತೆ ಕಾಯ್ದವಳು ಎರಡನೆಯ ಹೆಂಡತಿ ಹ್ಯಾನಾ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವರ್ತಕನ ಮಗಳಾದ ಆಕೆ 1696ರಲ್ಲಿ ತನಗಿಂತ 26 ವರ್ಷ ಹಿರಿಯನಾದ ಪೆನ್‌ನ ಕೈಹಿಡಿದಳು. ತುಂಬು ಗರ್ಭಿಣಿಯಾಗಿಯೇ ಅಟ್ಲಾಂಟಿಕ್ ದಾಟಿದಳು. 1700ರ ಆರಂಭದಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಮಗ ಜಾನ್‌ಗೆ 'ಅಮೆರಿಕನ್' ಎಂದೇ ಅಡ್ಡಹೆಸರಾಯಿತು. ಮರುವರ್ಷವೇ ಸಂಸಾರ ಇಂಗ್ಲೆಂಡಿಗೆ ಮರಳಿತು.

ಸಾಲದ ಹೊರೆ ತಾಳದೆ ಪೆನ್ ವಸಾಹತಿನ ಆಡಳಿತವನ್ನೇ ರಾಣಿಗೆ ಮಾರಲು ಹೊರಟಿದ್ದ. ಅಷ್ಟರಲ್ಲಿ, 1712ರಲ್ಲಿ, ಅವನಿಗೆ ಲಕ್ವ ಹೊಡೆಯಿತು. ಮಾರಾಟ ನಿಂತಿತು. ಗಂಡನ ಶುಶ್ರೂಷೆ, ಮಕ್ಕಳ ಪಾಲನೆ, ಸಾಲಗಾರರ ಕಾಟಗಳ ನಡುವೆಯೇ ಹ್ಯಾನಾ ಕಾಗದಗಳ ಮೂಲಕ ದೂರದ ವಸಾಹತನ್ನು ನಡೆಸಿದಳು. ಒಂದು ಪ್ರಶ್ನೆಗೆ ಉತ್ತರ ಬರಲು ತಿಂಗಳುಗಳೇ ಹಿಡಿಯುತ್ತಿದ್ದ ಕಾಲವದು! 1718ರಲ್ಲಿ ಪೆನ್ ತೀರಿಕೊಂಡ ಮೇಲೂ, 1726ರಲ್ಲಿ ತಾನು ಸಾಯುವವರೆಗೆ, ಆ ಭಾರ ಹೊತ್ತಳು.

1984ರಲ್ಲಿ ಅಮೆರಿಕ ಈ ದಂಪತಿಗೆ ಗೌರವ ಪೌರತ್ವ ನೀಡಿತು. ಹಾಗೆ ಗೌರವ ಪಡೆದ ಮೊದಲ ಮಹಿಳೆ ಹ್ಯಾನಾ. ಎರಡನೆಯವರು, 1996ರಲ್ಲಿ, ನಮ್ಮ ಮದರ್ ತೆರೇಸಾ.