ಕಬ್ಬಿಣ ಮತ್ತು ಉಕ್ಕು (ವಾಸ್ತುಶಿಲ್ಪದಲ್ಲಿ)

ಕಟ್ಟಡದ ಕಂಬ, ತೊಲೆ, ಛಾವಣಿಗಳಿಗೆ ಬಳಕೆಯಾಗುವ ಲೋಹಗಳು. ಎರಕದ ಕಬ್ಬಿಣ ಮೇಲಿನ ಭಾರವನ್ನು ಚೆನ್ನಾಗಿ ಹೊರುತ್ತದೆ, ಎಳೆತಕ್ಕೆ ಸಿಕ್ಕರೆ ಬಿರಿಯುತ್ತದೆ. ಉಕ್ಕು ಎರಡನ್ನೂ ತಾಳುತ್ತದೆ. ಕಾಂಕ್ರೀಟಿನೊಳಗೆ ಉಕ್ಕಿನ ಸರಳುಗಳನ್ನು ಹೂತಿಡುವುದು ಇದಕ್ಕೇ. ಬಿಸಿಲಿಗೆ ಕಾಂಕ್ರೀಟು, ಉಕ್ಕು ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ.

ಎರಕದ ಸೊಗಸು ನೋಡಲು ಬೆಂಗಳೂರಿನ ಲಾಲ್‌ಬಾಗಿಗೆ ಹೋಗಬೇಕು. ಅಲ್ಲಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್. ಮೈಸೂರಿನ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ವಿನ್ಯಾಸದ ಹೊಸ ಅರಮನೆ 1912ರಲ್ಲಿ ಮುಗಿಯಿತು. ಅದರ ಕಲ್ಯಾಣ ಮಂಟಪದ ಕಂಬಗಳು ಗ್ಲಾಸ್ಗೋದಲ್ಲಿ ಎರಕಗೊಂಡು ಹಡಗೇರಿ ಬಂದವು. ಬೆಂಕಿಯ ಪಾಠ ಅಷ್ಟು ಗಟ್ಟಿಯಾಗಿತ್ತೇನೋ!

ನಾಡಿನಲ್ಲೇ ಕಬ್ಬಿಣ ಕರಗಿಸುವ ಹಂಬಲಕ್ಕೆ ಚಿಕ್ಕಬಳ್ಳಾಪುರದ ನಂಟಿದೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ರೂವಾರಿ. 1923ರಲ್ಲಿ ಶುರುವಾದ ಅಲ್ಲಿನ ಕುಲುಮೆಗೆ ಮಲೆನಾಡಿನ ಕಾಡಿನ ಇದ್ದಿಲೇ ಉರುವಲಾಗಿತ್ತು.

ಚಿಕ್ಕಬಳ್ಳಾಪುರ ಜಿಲ್ಲೆಯ ಕಟ್ಟಡ ಪರಂಪರೆ ಮಾತ್ರ ಕಲ್ಲಿನದು. ನಂದಿಯ ಭೋಗನಂದೀಶ್ವರ ದೇವಾಲಯವೇ ಸಾಕ್ಷಿ. ಆದರೆ ನಂದಿ ಇರುವ ಚಿಕ್ಕಬಳ್ಳಾಪುರ ತಾಲ್ಲೂಕಿನಲ್ಲೇ, ಆವಲಗುರ್ಕಿಯಲ್ಲಿ, 2023ರ ಜನವರಿ 15ರಂದು 112 ಅಡಿ ಎತ್ತರದ ಉಕ್ಕಿನ ಆದಿಯೋಗಿ ಮೂರ್ತಿ ಅನಾವರಣಗೊಂಡಿತು.