ಅಕ್ಕಿ, ಕುದುರೆ, ಉತ್ತತ್ತಿ: ಕನ್ನಡ ಕರಾವಳಿಗೂ ಒಮಾನಿಗೂ ನಡೆದ ವಿನಿಮಯ



ಇತಿಹಾಸವು ನಮ್ಮ ವೃತ್ತಿಯಲ್ಲ. ಎಂ.ಬಿ.ಬಿ.ಎಸ್. ಮುಗಿಸಿ, ಹೊರದೇಶದಲ್ಲಿ ತರಬೇತಿ ಪಡೆದು, ರೋಗಿಗಳ ನಡುವೆಯೇ ಆಯುಷ್ಯದ ಬಹುಭಾಗವನ್ನು ಕಳೆದವರು ನಾವು. ಈ ವಿಷಯವನ್ನು ಆರಿಸಿಕೊಳ್ಳುವುದಕ್ಕೂ ರೋಗಿಯೊಬ್ಬರೇ ಕಾರಣ. ಕೆಲವು ವರ್ಷಗಳ ಹಿಂದೆ ಸೂರ್ ಪಟ್ಟಣದ ವೃದ್ಧರೊಬ್ಬರು ಮೊಣಕಾಲು ನೋವೆಂದು ಬಂದಿದ್ದರು. ನಾವು ಕರ್ನಾಟಕದವರೆಂದು ತಿಳಿದೊಡನೆ ನೋವನ್ನು ಮರೆತು, “ಮಂಗಳೂರಿನ ಮನೆಗಳ ಮೇಲೆ ಈಗಲೂ ಕೆಂಪು ಹಂಚು ಇದೆಯೇ?” ಎಂದು ಕೇಳಿದರು. ಅವರ ತಂದೆ ಹಾಯಿಹಡಗಿನಲ್ಲಿ ಖರ್ಜೂರ ತುಂಬಿಕೊಂಡು ಹೋಗಿ ಅಕ್ಕಿ, ಹಂಚು, ತೇಗದ ಮರಗಳೊಡನೆ ಹಿಂದಿರುಗುತ್ತಿದ್ದರಂತೆ. ಮುಂದಿನ ಭೇಟಿಗೆ ಅವರು ಒಂದು ಚೀಲವನ್ನು ತಂದು ನಮ್ಮ ಮೇಜಿನ ಮೇಲಿಟ್ಟರು. ಬಿಚ್ಚಿ ನೋಡಿದರೆ ಉತ್ತತ್ತಿ! ಮದುವೆಯ ತಟ್ಟೆಯಲ್ಲಿ ಒಣಕೊಬ್ಬರಿಯ ಪಕ್ಕದಲ್ಲಿ ಇಡುವ, ಬಾಣಂತಿಯ ಅಂಟಿನುಂಡೆಗೆ ಹಾಕುವ ಅದೇ ಉತ್ತತ್ತಿ. ಐವತ್ತು ವರ್ಷ ತಿಂದರೂ ಅದು ಎಲ್ಲಿಂದ ಬರುತ್ತದೆಂದು ನಾವು ಒಮ್ಮೆಯೂ ಕೇಳಿರಲಿಲ್ಲ.

ಇಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಈ ದೇಶದೊಡನೆ ನಮ್ಮ ಸಂಬಂಧವು 1970ರ ಅನಂತರ, ತೈಲದ ಹಣದೊಡನೆ ಆರಂಭವಾಯಿತೆಂಬ ಭಾವನೆಯಿದೆ. ನಿಜ ಹೇಳಬೇಕೆಂದರೆ ಹಿರಿಯರಾದ ನಮಗೂ ಅದೇ ಭಾವನೆಯಿತ್ತು. ನಾವು ದುಡಿಮೆಯನ್ನು ಮಾರಲು ಬಂದವರು, ಅವರು ಕೊಂಡವರು, ಅಷ್ಟೇ ಎಂದುಕೊಂಡಿದ್ದೆವು. ಆ ವೃದ್ಧರ ಚೀಲ ಈ ಲೆಕ್ಕವನ್ನು ತಪ್ಪೆಂದು ತೋರಿಸಿತು.

ಮೊದಲು ವಸ್ತುವಿನಿಮಯ, ಆಮೇಲೆ ನಾಣ್ಯ, ಕೊನೆಗೆ ನೋಟು ಎಂದು ನಾವೆಲ್ಲ ಶಾಲೆಯಲ್ಲಿ ಕಲಿತೆವು. ಒಂದು ಮೆಟ್ಟಿಲು ಹತ್ತಿದ ಮೇಲೆ ಕೆಳಗಿನದು ಮಾಯವಾಗುತ್ತದೆಂಬಂತೆ! ಆದರೆ ನಮ್ಮ ಅಜ್ಜನ ಜೇಬಿನಲ್ಲಿ ರೂಪಾಯಿ ಇದ್ದ ಕಾಲದಲ್ಲಿಯೂ ಕಮ್ಮಾರ, ಬಡಗಿ, ಕ್ಷೌರಿಕ, ಅಗಸರಿಗೆ ಸುಗ್ಗಿಯ ಕಣದಲ್ಲಿ ಆಯವನ್ನು ಧಾನ್ಯವಾಗಿಯೇ ಅಳೆಯುತ್ತಿದ್ದರು. ಅರಬ್ಬೀ ಕಡಲಿನ ವ್ಯಾಪಾರವೂ ಹೀಗೆಯೇ. ಇಲ್ಲಿ ನಾಣ್ಯವೂ ಸರಕೂ ಸಾವಿರಾರು ವರ್ಷ ಒಂದೇ ಹಡಗಿನಲ್ಲಿ ಪ್ರಯಾಣ ಮಾಡಿವೆ.

ನಾಣ್ಯವೆಂಬುದೇ ಇಲ್ಲದ ಕಾಲವನ್ನು ನೋಡಬೇಕಾದರೆ ಸೂರ್ ಸಮೀಪದ ರಾಸ್ ಅಲ್ ಜಿಂಜ್‌ಗೆ ಹೋಗಬೇಕು. ಮಕ್ಕಳಿಗೆ ಆಮೆಗಳನ್ನು ತೋರಿಸಲು ನಾವು ಹೋಗುವ ಅದೇ ಕಡಲ ದಂಡೆ. ಅಲ್ಲಿಯ ಉತ್ಖನನದಲ್ಲಿ ಸಿಂಧೂ ಲಿಪಿಯುಳ್ಳ ಮಡಕೆಯ ಚೂರು ಹಾಗೂ ಹಡಗಿಗೆ ಬಳಿಯುತ್ತಿದ್ದ ಕಲ್ಲರಗಿನ ತುಂಡುಗಳು ದೊರೆತಿವೆ. ಮೆಸೊಪೊಟೇಮಿಯದವರು ಮಾಗನ್ ಎನ್ನುತ್ತಿದ್ದ ನಾಡು ಈ ಒಮಾನ್ ಪ್ರದೇಶವೇ ಎಂಬುದು ವಿದ್ವಾಂಸರ ಮತ. ಇದರ ತಾಮ್ರಕ್ಕೆ ಅಲ್ಲಿ ಬಹಳ ಬೇಡಿಕೆಯಿತ್ತು. ಮುಂದೆ ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ಗ್ರಂಥ ‘ಪೆರಿಪ್ಲಸ್’ ಧೋಫಾರ್ ಕಡಲಂಚಿನ ಬಂದರೊಂದರ ವಿಷಯವನ್ನು ಹೇಳುತ್ತದೆ. ಸಲಾಲಾ ಬಳಿಯ ಖೋರ್ ರೋರಿಯೇ ಅದು ಎಂದು ಗುರುತಿಸಿದ್ದಾರೆ. ಭಾರತದ ಪಶ್ಚಿಮ ಕರಾವಳಿಯಿಂದ ಬಂದ ಹಡಗುಗಳು ಋತು ಮೀರಿದರೆ ಅಲ್ಲಿಯೇ ತಂಗಿ, ಅರಸನ ಅಧಿಕಾರಿಗಳಿಗೆ ಬಟ್ಟೆ, ಗೋಧಿ, ಎಳ್ಳೆಣ್ಣೆಗಳನ್ನು ಕೊಟ್ಟು ಲುಬಾನ್ ಧೂಪವನ್ನು ಪಡೆಯುತ್ತಿದ್ದವು. ರೋಮನ್ ನಾಣ್ಯಗಳು ಈ ಕಡಲಿನಲ್ಲಿ ಓಡಾಡುತ್ತಿದ್ದ ಕಾಲವದು. ಆದರೂ ಧೂಪಕ್ಕೆ ಬೆಲೆಯಾದದ್ದು ಎಣ್ಣೆ, ಗೋಧಿ!

ಕನ್ನಡ ನಾಡಿನ ಪಾಲು ಸ್ಪಷ್ಟವಾಗಿ ಕಾಣುವುದು ಕುದುರೆ ಮತ್ತು ಅಕ್ಕಿಗಳ ವ್ಯವಹಾರದಲ್ಲಿ. 1330ರ ಆಸುಪಾಸಿನಲ್ಲಿ ಸೂರಿನ ಉತ್ತರಕ್ಕಿರುವ ಕಲ್ಹಾತಿಗೆ ಬಂದ ಇಬ್ನ್ ಬತೂತ, ಅಲ್ಲಿಯ ಸುಟ್ಟ ಮೀನಿನಂತಹ ರುಚಿಯನ್ನು ಬೇರೆಲ್ಲಿಯೂ ಕಾಣಲಿಲ್ಲವೆಂದೂ ಅದರೊಡನೆ ಉಣ್ಣುವ ಅಕ್ಕಿ ಭಾರತದಿಂದ ಬರುತ್ತದೆಂದೂ ಬರೆದಿದ್ದಾನೆ. ಮುಂದಿನ ದಶಕದಲ್ಲಿ ಅವನೇ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಕಂಡ. ಕಲ್ಹಾತಿನಿಂದ ಕುದುರೆಗಳು ಭಾರತಕ್ಕೆ ಹೋಗುತ್ತಿದ್ದುದನ್ನು ಮಾರ್ಕೋ ಪೋಲೋ ಅದಕ್ಕೂ ಮೊದಲೇ ಹೇಳಿದ್ದಾನೆ. ದಕ್ಷಿಣದಲ್ಲಿ ಅವುಗಳಿಗೆ ಮಾಂಸ ಬೆರೆಸಿದ ಅನ್ನವನ್ನು ತಿನ್ನಿಸಿ ಸಾಯಿಸುತ್ತಾರೆಂದು ಅವನ ಆಕ್ಷೇಪ. ವೈದ್ಯರಾಗಿ ನಾವು ಈ ಆಹಾರಕ್ರಮವನ್ನು ಸಮರ್ಥಿಸಲಾರೆವು! ಆದರೆ ಕುದುರೆ ಬೇಗ ಸತ್ತಷ್ಟೂ ಬೇಡಿಕೆ ಹೆಚ್ಚಿತೆಂಬುದಂತೂ ನಿಜ. ವಿಜಯನಗರದ ಸಾಳುವ ನರಸಿಂಹನು ಸಾವಿರ ವರಹಕ್ಕೆ ಮೂರರಂತೆ ಕುದುರೆ ಕೊಳ್ಳುತ್ತಿದ್ದನೆಂದೂ, ದಾರಿಯಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಪೂರ್ತಿ ಬೆಲೆ ಕೊಡುತ್ತಿದ್ದನೆಂದೂ ನೂನಿಜ್ ಬರೆದಿದ್ದಾನೆ. ಕಡಲಿನ ನಷ್ಟವನ್ನು ಕೊಳ್ಳುವವನೇ ಹೊತ್ತ ಈ ಏರ್ಪಾಡನ್ನು ಇಂದಿನವರು ವಿಮೆ ಎಂದಾರು.

ಕುದುರೆಗೆ ಚಿನ್ನದ ಬೆಲೆಯಿತ್ತು. ಆದರೆ ಹಡಗು ಚಿನ್ನವನ್ನಷ್ಟೇ ಹೊತ್ತು ಮರಳುವಂತಿಲ್ಲ. ತಳದಲ್ಲಿ ಭಾರವಿಲ್ಲದ ಹಡಗು ಅಲೆಗೆ ನಿಲ್ಲದು. ಮಳೆಗಾಲದ ಗಾಳಿ ಎದ್ದರೆ ಬಂದರು ಮುಚ್ಚುತ್ತದೆ. ಮುಂಗಾರು ಮುಗಿದ ಮೇಲೆ ಬಂದ ನಾವಿಕನು ಈಶಾನ್ಯದ ಗಾಳಿ ಇರುವಾಗಲೇ ಮಾರಿ, ತುಂಬಿ, ಹೊರಡಬೇಕು. ಆದುದರಿಂದ ಬೆಲೆ ವರಹದಲ್ಲಿದ್ದರೂ ಸರಕಿಗೆ ಸರಕೇ ಸಲೀಸು. ಭಟ್ಕಳಕ್ಕೆ ಹೋರ್ಮುಜಿನಿಂದ ಕುದುರೆ, ಮುತ್ತುಗಳು ಬಂದು ಬಿಳಿಯ ಅಕ್ಕಿ, ಸಕ್ಕರೆ, ಕಬ್ಬಿಣಗಳು ಹೋಗುತ್ತಿದ್ದುದನ್ನು ಹದಿನಾರನೆಯ ಶತಮಾನದ ಆರಂಭದಲ್ಲಿ ಬಾರ್ಬೋಸಾ ದಾಖಲಿಸಿದ್ದಾನೆ. ಮಸ್ಕತ್ತು, ಕಲ್ಹಾತುಗಳು ಆಗ ಹೋರ್ಮುಜಿನ ಅಧೀನದಲ್ಲಿದ್ದವು.

ಈ ವಿನಿಮಯವೆಲ್ಲ ಸೌಹಾರ್ದದ್ದೇ ಆಗಿತ್ತೆಂದು ಹೇಳಲಾರೆವು. 1502ರಲ್ಲಿ ವಾಸ್ಕೋ ಡ ಗಾಮನು ಭಟ್ಕಳದ ಮೇಲೆ ಕಪ್ಪ ಹೇರಿದಾಗ ಕೇಳಿದ್ದು ಅಕ್ಕಿಯನ್ನು. 1507ರಲ್ಲಿ ಅಲ್ಬುಕರ್ಕನು ಮಸ್ಕತ್ತನ್ನು ಸುಟ್ಟ. ಒಂದೂವರೆ ಶತಮಾನ ಎರಡು ದಡಗಳೂ ಒಂದೇ ಲಗಾಮಿನಲ್ಲಿದ್ದವು. ಕನ್ನಡ ಕರಾವಳಿಯ ಅಕ್ಕಿ ಮಸ್ಕತ್ತಿನ ಪೋರ್ಚುಗೀಸ್ ಸೈನಿಕರ ಹೊಟ್ಟೆ ತುಂಬಿಸಿತು. 1650ರಲ್ಲಿ ಒಮಾನಿಗಳು ಮಸ್ಕತ್ತಿನಿಂದ ಅವರನ್ನು ಹೊರದೂಡಿದರು. ಅದೇ ದಶಕದಲ್ಲಿ ಕೆಳದಿಯ ಶಿವಪ್ಪನಾಯಕನು ಹೊನ್ನಾವರ, ಬಸರೂರು, ಗಂಗೊಳ್ಳಿಗಳ ಕೋಟೆಗಳನ್ನು ಕಸಿದುಕೊಂಡನು. ಈ ಎರಡು ಘಟನೆಗಳನ್ನು ಒಂದೇ ಪುಟದಲ್ಲಿ ನಮಗೆ ಯಾವ ಪಠ್ಯಪುಸ್ತಕವೂ ತೋರಿಸಲಿಲ್ಲ. ಅಕ್ಕಿಯ ದಾರಿಗೆ ಪೋರ್ಚುಗೀಸರು ಮತ್ತೆ ಅಡ್ಡ ನಿಂತಾಗ, 1695ರಲ್ಲಿ ಅರಬರು ಬಂದು ಮಂಗಳೂರನ್ನೇ ಸುಟ್ಟರು. ಹಳೆಯ ಗಿರಾಕಿಯೂ ಹಸಿದರೆ ಬೆಂಕಿ ಹಿಡಿದು ಬರುತ್ತಾನೆ.

ಟಿಪ್ಪು ಸುಲ್ತಾನನು ಈ ವ್ಯಾಪಾರವನ್ನು ಸರ್ಕಾರದ ಕೈಗೆ ತೆಗೆದುಕೊಳ್ಳಲು ಹವಣಿಸಿದನು. ಮಸ್ಕತ್ತಿನಲ್ಲಿ ಅವನ ಕೋಠಿಯಿತ್ತು. ಅಲ್ಲಿಯ ದಾರೋಗನಿಗೆ ಅವನು ಬರೆದ ಪತ್ರಗಳ ಅನುವಾದವನ್ನು 1811ರಲ್ಲಿ ಕರ್ಕ್‌ಪ್ಯಾಟ್ರಿಕ್ ಪ್ರಕಟಿಸಿದನು. ಗಂಧ, ಮೆಣಸು, ಅಕ್ಕಿ ಹೋಗಬೇಕು. ಗಂಧಕ, ಕೇಸರಿಯ ಬೀಜ, ಖರ್ಜೂರದ ಗಿಡ, ರೇಷ್ಮೆಹುಳು ಬರಬೇಕು. ನಮ್ಮ ನೆಲಕ್ಕೆ ಹೊಸ ಕಸುಬುಗಳನ್ನೇ ತರಿಸುವ ಆಸೆ ಅದರಲ್ಲಿದೆ. 1786ರಲ್ಲಿ ಇಸ್ತಾಂಬುಲಿಗೆ ಹೊರಟ ಅವನ ರಾಯಭಾರಿಗಳು ತದಡಿಯಲ್ಲಿ ಹಡಗು ಹತ್ತಿ ಮೊದಲು ಇಳಿದದ್ದು ಮಸ್ಕತ್ತಿನಲ್ಲಿ. ಅವನು ಮಡಿದ ಬಳಿಕ 1801ರಲ್ಲಿ ಮಂಗಳೂರಿಗೆ ಬಂದ ಬುಕಾನನ್‌ಗೂ ಕಂಡ ಮುಖ್ಯ ರಫ್ತು ಅಕ್ಕಿಯೇ. ಅದು ಹೋಗುತ್ತಿದ್ದ ಊರುಗಳಲ್ಲಿ ಮಸ್ಕತ್ತೂ ಒಂದು. ರಾಜ್ಯ ಬದಲಾಯಿತು, ಮುಡಿ ಕಟ್ಟುವ ಕೈಗಳು ಬದಲಾಗಲಿಲ್ಲ.

ಇನ್ನು ಉತ್ತತ್ತಿ. ಒಮಾನಿನ ಶರ್ಕಿಯಾ ಪ್ರಾಂತದಲ್ಲಿ ಮಬ್ಸಲಿ ಎಂಬ ಖರ್ಜೂರದ ತಳಿಯಿದೆ. ಬೇಸಿಗೆಯಲ್ಲಿ ಕಾಯಿ ಹಳದಿಯಾಗಿ, ಇನ್ನೂ ಮೆದುವಾಗುವ ಮೊದಲೇ ಗೊನೆ ಇಳಿಸಿ, ದೊಡ್ಡ ತಾಮ್ರದ ಹಂಡೆಗಳಲ್ಲಿ ಕುದಿಸಿ, ಬಿಸಿಲಿನಲ್ಲಿ ಒಣಗಿಸುತ್ತಾರೆ. ತಬ್ಸೀಲ್ ಎಂಬ ಈ ಕೆಲಸಕ್ಕೆ ಮನೆಮಂದಿಯೆಲ್ಲ ಸೇರುತ್ತಾರೆ. ಮೆದು ಖರ್ಜೂರವನ್ನು ತಾವು ಉಂಡು, ಕುದಿಸಿದ್ದನ್ನು ಹೆಚ್ಚಾಗಿ ಕಳುಹಿಸುತ್ತಿದ್ದುದು ಭಾರತಕ್ಕೆ. ನಮ್ಮ ಮಳೆಗಾಲದ ತೇವವನ್ನು ತಡೆದುಕೊಳ್ಳುವುದು ಅದೇ.

ನಾಣ್ಯದ ಮಾತನ್ನೂ ಹೇಳಿಬಿಡೋಣ. ಇಲ್ಲಿಯ ಒಳನಾಡಿನಲ್ಲಿ ಮರಿಯಾ ತೆರೇಸಾಳ ಬೆಳ್ಳಿಯ ನಾಣ್ಯ, ಕರಾವಳಿಯಲ್ಲಿ ಭಾರತದ ರೂಪಾಯಿ ಚಲಾವಣೆಯಲ್ಲಿದ್ದವು. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಗಲ್ಫಿಗೆಂದೇ ಪ್ರತ್ಯೇಕ ನೋಟು ಅಚ್ಚು ಹಾಕಿತು. 1970ರಲ್ಲಿ ಒಮಾನ್ ತನ್ನದೇ ರಿಯಾಲನ್ನು ತಂದ ಮೇಲೂ ಚಿಲ್ಲರೆಗೆ ಬೈಸಾ ಎಂಬ ಹೆಸರೇ ನಿಂತಿತು. ಅದು ನಮ್ಮ ಪೈಸೆ.

ಆ ವೃದ್ಧರು ಮೂರನೆಯ ಸಲ ಬಂದಾಗ ನಾವು ರೂವಿಯ ಅಂಗಡಿಯಿಂದ ಐದು ಕಿಲೋ ಕುಚ್ಚಲಕ್ಕಿ ತಂದಿಟ್ಟಿದ್ದೆವು. ಅವರು ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ತೆಗೆದು ಮೂಸಿ ನೋಡಿದರು. “ನಮ್ಮ ತಂದೆ ತರುತ್ತಿದ್ದುದು ಇದಕ್ಕಿಂತ ಕೆಂಪಗಿತ್ತು” ಎಂದು ಹೇಳಿ, ಚೀಲವನ್ನು ಮಗನ ಕೈಗೆ ಕೊಟ್ಟು ಕಾರಿನಲ್ಲಿ ಇಡಿಸಿದರು.